ಕುಬುಸ ತೊಟ್ಟ ಗಿಳಿ

ನನ್ನ ಗಿಳಿ ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಂಡು ಬೋಳಾದಾಗ ನಮ್ಮತ್ತೆ ಅದಕ್ಕೊಂದು ಕುಬುಸ ಹೊಲಿದರು. ಗುಳೇದಗುಡ್ಡದ ಖಣದ ಬಟ್ಟೆಯ ಚೂರು, ಕೆಂಪು ಅಂಚು, ರೆಕ್ಕೆ ತೂರಿಸಲು ಎರಡು ತೂತು. ಗಂಡಸರು ಓಡಾಡುವ ಪಡಸಾಲೆಯಲ್ಲಿ ಎದೆ ತೆರೆದುಕೊಂಡು ಕೂಡುವುದು ಯಾವ ಮರ್ಯಾದೆ ಎಂಬುದು ಅವರ ವಾದ. ಕೊರಳಲ್ಲಿ ಕೆಂಪು ಉಂಗುರವಿದ್ದ ಗಂಡು ಗಿಳಿ ಅದು. ಅದನ್ನು ಅವರಿಗೆ ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು? ನನ್ನ ಗಂಡನಿಗಂತೂ ಇರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಿಜಾಮರ ಕಾಲ. ನನ್ನ ತವರು ಆಳಂದ ತಾಲೂಕಿನ ನಿಂಬರ್ಗಾ, ಕೊಟ್ಟದ್ದು ಜೇವರ್ಗಿ ಕಡೆಯ ಇಜೇರಿಗೆ. ಗಂಡನ ಮನೆಗೆ ಹೊರಟಾಗ ಸೀರೆ, ಪಾತ್ರೆಗಳ ಜೊತೆ ಗಿಳಿಯ ಪಂಜರವನ್ನೂ ಹಟ ಮಾಡಿ ಗಾಡಿಗೆ ಏರಿಸಿದೆ. ಅಫಜಲಪುರದಲ್ಲಿ ಸೋದರತ್ತೆಯ ಮನೆಯಲ್ಲಿ ಉಂಡು, ಭೀಮಾ ನದಿಯನ್ನು ಹರಿಗೋಲಿನಲ್ಲಿ ದಾಟಿದೆವು. ಹರಿಗೋಲು ಗಿರಗಿರ ತಿರುಗಿದಷ್ಟು ಹೊತ್ತೂ ಗಿಳಿ ನನ್ನ ಹೆಸರನ್ನು ಕೂಗಿತು. ಅದಕ್ಕೆ ಬರುತ್ತಿದ್ದುದು ಅದೊಂದೇ ಮಾತು. ನಮ್ಮವ್ವ ಹಿತ್ತಲಿನಿಂದ ನನ್ನನ್ನು ಕರೆಯುವ ಧಾಟಿಯನ್ನು ಕೇಳಿ ಕೇಳಿ ಕಲಿತಿತ್ತು, ಕೊನೆಗೊಂದು ಎಳೆತ ಸಮೇತ.

"ಯಕ್ಕಾ, ಈ ಗಿಣಿಗೆ ನಿನ್ನ ಬಿಟ್ರ ಜಗತ್ತಿನಾಗ ಬ್ಯಾರೆ ಸುದ್ದಿ ಇಲ್ಲೇನು?" ಎಂದ ಅಂಬಿಗ.

ಆ ಹೆಸರು ನದಿಯ ತವರಿನ ದಂಡೆಗೆ ಮಾತ್ರ ನನ್ನದಾಗಿತ್ತು. ನಮ್ಮಲ್ಲಿ ಮದುವೆಯಾದವಳಿಗೆ ಹೊಸ ಹೆಸರು ಇಡುತ್ತಾರೆ. ಮಾವ ಹೆಸರು ಆರಿಸುತ್ತಾನೆ, ಗಂಡ ಅದನ್ನು ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಬರೆಯುತ್ತಾನೆ. ಅಲ್ಲಿಗೆ ಹಳೆಯವಳು ಮುಗಿದಳು. ನನ್ನ ಗಂಡ ಉರ್ದು ಶಾಲೆಯಲ್ಲಿ ಓದಿದವನು, ಬಲದಿಂದ ಎಡಕ್ಕೆ ಏನೋ ಗೀಚಿದ. ಸುತ್ತ ಕೂತ ಹೆಂಗಸರೆಲ್ಲ ಬಗ್ಗಿ ಬಗ್ಗಿ ನೋಡಿ "ಛಂದ ಅದ, ಛಂದ ಅದ" ಎಂದರು. ಒಬ್ಬಳಿಗೂ ಓದಲು ಬರುತ್ತಿರಲಿಲ್ಲ. ಹೊಸ ಹೆಸರು ಏನೆಂದು ನನಗೆ ಗೊತ್ತಾದದ್ದು ಊಟದ ಪಂಕ್ತಿಯಲ್ಲಿ, ಯಾರೋ ಮೂರು ಸಲ ಕೂಗಿ, ನಾನು ತಿರುಗದೇ ಇದ್ದಾಗ ಭುಜ ತಿವಿದು ಹೇಳಿದ ಮೇಲೆ. ಆ ಎರಡು ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನನ್ನಿಷ್ಟ.

ಅಕ್ಕಿಯ ತಟ್ಟೆಗೆ ನಾನು ತಲೆಬಾಗಿದೆ, ಗಿಳಿ ಬಾಗಲಿಲ್ಲ. ಇಜೇರಿಯ ಪಡಸಾಲೆಯಲ್ಲಿ ನೇತಾಡುತ್ತ ಹೊತ್ತು ಹುಟ್ಟಿದಾಗಿನಿಂದ ಹಳೆಯ ಹೆಸರನ್ನೇ ಕೂಗುತ್ತಿತ್ತು. ನನಗೆ ಎಷ್ಟು ಸುಖವಾಗುತ್ತಿತ್ತು ಎಂದರೆ, ರೊಟ್ಟಿ ಬಡಿಯುತ್ತ ಕೂತಲ್ಲೇ ಕಣ್ಣು ತುಂಬಿ ಬರುತ್ತಿದ್ದವು. ಹೊಗೆ ಎನ್ನುತ್ತಿದ್ದೆ. ಅತ್ತೆಗೆ ಮಾತ್ರ ಮೈ ಉರಿಯುತ್ತಿತ್ತು.

"ಮನಿ ತುಂಬಿದ ಸೊಸಿಗೆ ತವರಿನ ಹೆಸರ ಹಿಡದು ಒದರ್ತದ, ಬ್ಯಾಗ ಬುದ್ಧಿ ಕಲಿಸ್ಬೇಕು ಇದಕ್ಕ" ಎಂದು ಪಂಜರದ ಮೇಲೆ ಗೋಣಿತಟ್ಟು ಹಾಕಿದರು. ಹೊಸ ಹೆಸರು ಹೇಳುವ ತನಕ ಬೆಳಕಿಲ್ಲ. ದಿನಕ್ಕೆ ಮೂರು ಸಲ ತಟ್ಟಿನ ಅಂಚು ಎತ್ತಿ ಹೊಸ ಹೆಸರನ್ನು ಹೇಳಿಕೊಡುತ್ತಿದ್ದರು. ಗಿಳಿ ಸುಮ್ಮನೆ ಕೇಳಿಸಿಕೊಂಡು, ಹಳೆಯದನ್ನೇ ಕೂಗುತ್ತಿತ್ತು. ತಟ್ಟು ಮತ್ತೆ ಬೀಳುತ್ತಿತ್ತು.

ಎಂಟು ದಿನಕ್ಕೆ ಪಂಜರದ ಕೆಳಗೆ ಹಸಿರು ಗರಿಗಳು ಬಿದ್ದವು. ಅತ್ತೆ ಗುಡಿಸಿ ಹಾಕಿ, "ಗರಿ ಉದುರೋ ಹಂಗಾಮು, ಹೊಸಾವು ಬರ್ತಾವ" ಎಂದರು. ಹದಿನೈದು ದಿನಕ್ಕೆ ಎದೆ, ಹೊಟ್ಟೆ, ತೊಡೆ ಎಲ್ಲ ಬರಿದಾಗಿ, ಮಸಾಲೆಗೆ ಸುಲಿದಿಟ್ಟ ಕೋಳಿಯ ಹಾಗೆ ಕಂಡಿತು. ತಲೆ ಮಾತ್ರ ಹಸಿರಾಗಿ ಹೊಳೆಯುತ್ತಿತ್ತು. ಆಗ ದೃಷ್ಟಿ ಎಂದರು, ಮೆಣಸಿನಕಾಯಿ ಸುಟ್ಟರು. ಆ ಘಾಟಿಗೆ ಗಿಳಿ, ನಾನು, ಅತ್ತೆ ಮೂವರೂ ಸೀನಿದೆವು. ಅರಿಷಿಣ ಕಲಸಿದ ಕುಸುಬಿ ಎಣ್ಣೆ ಬಳಿದರು, ಇದ್ದ ನಾಲ್ಕು ಗರಿಯೂ ಅಂಟಿಕೊಂಡವು. ಕೊನೆಗೆ ಕುಬುಸ ಬಂತು. ಗಿಳಿ ಅದನ್ನು ಒಂದೇ ಮಧ್ಯಾಹ್ನದಲ್ಲಿ ದಾರದಾರವಾಗಿ ಬಿಚ್ಚಿ ಹಾಕಿತು, ನಾನು ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ನಕ್ಕೆ. ನಗು ಮುಗಿದ ಮೇಲೆ ಅದು ಮತ್ತೆ ತನ್ನ ಬರಿಮೈಗೇ ಕೊಕ್ಕು ಹಾಕಿ ರಕ್ತ ಬರಿಸಿಕೊಂಡದ್ದನ್ನು ನೋಡಿದೆ. ಕೂಗುವುದನ್ನೂ ನಿಲ್ಲಿಸಿತ್ತು.

ಮಾವ ದೊಡ್ಡ ಮೀಸೆಯ, ಕಡಿಮೆ ಮಾತಿನ ಮನುಷ್ಯ. ರಕ್ತ ನೋಡಿ, "ಮನ್ಯಾಗ ಇಂಥಾ ಅಪಶಕುನ ಬ್ಯಾಡ. ತೊಗರಿ ರಾಶಿ ಆದಮ್ಯಾಲ ಗಾಡಿ ಆಳಂದಕ್ಕ ಹೋಗ್ತದ, ಇದನ್ನ ಅದರಾಗ ನಿಂಬರ್ಗಾಕ್ಕ ವಾಪಸ್ ಕಳಿಸ್ರಿ" ಎಂದರು. ಆ ಮೈಯಲ್ಲಿ ಅದು ನದಿ ದಾಟಿ ಬದುಕುತ್ತಿರಲಿಲ್ಲ. ಬದುಕಿದರೂ, ಭೀಮೆಯ ಈಚೆ ನನ್ನನ್ನು ನನ್ನ ಹೆಸರಿನಿಂದ ಕರೆಯುವ ಜೀವ ಇನ್ನೊಂದು ಇರಲಿಲ್ಲ. ಮಾವನ ಎದುರು ಸೊಸೆ ಬಾಯಿ ಬಿಡುವ ಹಾಗಿಲ್ಲವಲ್ಲ, ಕಂಬದ ಹಿಂದೆ ನಿಂತು ಮನಸ್ಸಿನಲ್ಲೇ ಅವರ ಮೀಸೆಗೆ ಹತ್ತು ಶಾಪ ಹಾಕಿದೆ.

ಸಂತೆಯ ದಿನ ಜೇವರ್ಗಿಯಿಂದ ಕತ್ತೆ ಏರಿ ಒಬ್ಬ ಹಕೀಮರು ಬರುತ್ತಿದ್ದರು. ಅತ್ತೆಯ ಮೊಣಕಾಲಿಗೆ ಎಣ್ಣೆ ಕೊಡಲು ಮನೆಗೆ ಬಂದವರು ಕೇಳದೆಯೇ ತಟ್ಟು ಎತ್ತಿ ನೋಡಿದರು.

"ಇದು ಹಂಗಾಮಲ್ರಿ ಅಮ್ಮಾ. ಹಂಗಾಮಾದ್ರ ತಲೀದೂ ಉದುರ್ತಾವ, ಹಿಂದಿಂದೇ ಹೊಸಾವು ಬರ್ತಾವ. ಇದರ ತಲಿ ನೋಡ್ರಿ, ನವಾಬನ ಟೋಪಿ ಆಗೇದ. ಕೊಕ್ಕು ತಲಿಗೆ ಮುಟ್ಟಂಗಿಲ್ಲ, ಅದಕ್ಕ ಉಳದದ. ಮುಟ್ಟಿದಷ್ಟೂ ತಾನೇ ಕಿತ್ಕೊಂಡದ."

"ಏನ್ ಬ್ಯಾನಿರಿ ಇದಕ್ಕ?" ಎಂದರು ಅತ್ತೆ.

"ಬೀಮಾರಿ ಇಲ್ರಿ, ಪರೇಶಾನಿ ಅದ. ಹಗಲೆಲ್ಲ ಕತ್ಲದಾಗ ಕೂಡಿಸಿದ್ರ ನಾನೂ ನನ್ನ ಗಡ್ಡ ಕಿತ್ಕೋತೇನಿ. ಮಂದಿ ನಡಕ ಇಡ್ರಿ, ಕಡಿಯಾಕ ಏನರೆ ಕೊಡ್ರಿ, ಮಾತಾಡಸ್ರಿ. ಎಣ್ಣಿ ನಿಮ್ಮ ಮೊಣಕಾಲಿಗಷ್ಟೇ ಸಾಕು."

ಹಕೀಮರು ಹೋದ ಮೇಲೆ ಅತ್ತೆ ಅವರ ಗಡ್ಡಕ್ಕೆ, ಅವರ ಎಣ್ಣೆಗೆ, ಅವರ ಕತ್ತೆಗೆ ಮನಸಾರೆ ಬೈದರು. ಬೈಯುತ್ತಲೇ ಗೋಣಿತಟ್ಟನ್ನು ಕಿತ್ತು ಹೊಸ್ತಿಲಿಗೆ ಕಾಲೊರಸಲು ಎಸೆದರು. ಪಂಜರವನ್ನು ತಾವು ಬೀಸುವ ಕಲ್ಲಿನ ಪಕ್ಕಕ್ಕೆ ತಂದು ತೂಗುಹಾಕಿದರು. ನಾನು ಮುಟ್ಟಲು ಹೋದರೆ, "ದೂರ ಸರಿ ಬೇ, ನಿನ್ನ ಮುಖ ನೋಡಿದ್ರ ಅದಕ್ಕ ಮತ್ತ ತವರು ನೆನಪಾಗ್ತದ" ಎಂದು ಗದರಿದರು. ಅವರ ಮೇಲೆ ನನಗೆ ಸಿಟ್ಟು ಇನ್ನೂ ಏರಿತು.

ಬೆಳಿಗ್ಗೆ ಜೋಳ ಬೀಸುವಾಗ ಅತ್ತೆ ಗಿಳಿಗೆ ಹಸಿ ತೊಗರಿಕಾಯಿ, ಬೇವಿನ ಕಡ್ಡಿ ಕೊಡುತ್ತಿದ್ದರು. ಗುನುಗುನು ಏನೋ ಹೇಳುತ್ತಲೂ ಇದ್ದರು, ಕಲ್ಲಿನ ಸದ್ದಿನಲ್ಲಿ ನನಗೆ ಕೇಳಿಸುತ್ತಿರಲಿಲ್ಲ. ಹೊಸ ಹೆಸರನ್ನೇ ತುರುಕುತ್ತಿದ್ದಾರೆ ಎಂದುಕೊಂಡೆ. ತಿಂಗಳಾಗುವಷ್ಟರಲ್ಲಿ ಎದೆಯ ಮೇಲೆ ಸೂಜಿಯಂಥ ಎಳೆಗರಿಗಳು ಮೂಡಿದವು. ಗಿಳಿ ಕಡ್ಡಿ ಸಿಗಿಯುತ್ತ ಮೈ ಮರೆಯುತ್ತಿತ್ತು, ಮೈ ಕೀಳುವುದನ್ನೂ ಮರೆಯುತ್ತಿತ್ತು.

ಒಂದು ಸಂಜೆ ಗಿಳಿ ಬಾಯಿಬಿಟ್ಟಿತು. ನಾನು ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದೆ. ಅದು ಕೂಗಿದ್ದು ನನ್ನ ಹಳೆಯ ಹೆಸರಲ್ಲ, ಹೊಸದೂ ಅಲ್ಲ. ಆ ಊರಲ್ಲಿ ನಾನು ಕೇಳದೇ ಇದ್ದ ಹೆಸರು. ಕೊನೆಗೆ ನಮ್ಮವ್ವನ ಅದೇ ಎಳೆತ. ನಾನು ಯಾರಪ್ಪ ಇವಳು ಎಂದು ತಲೆ ಎತ್ತುವಷ್ಟರಲ್ಲಿ, ದನದ ಕೊಟ್ಟಿಗೆಯಿಂದ ಉತ್ತರ ಬಂತು.

"ಓ! ಬಂದ್ನವ್ವಾ!"

ಹಿಂದೆಯೇ ಅತ್ತೆ ಬಂದರು, ಮೊಣಕೈತನಕ ಸೆಗಣಿ. ನನ್ನನ್ನು ನೋಡಿದವರೇ ಅಲ್ಲೇ ನಿಂತರು. ಐವತ್ತು ದಾಟಿದ, ಊರನ್ನೇ ಹೆದರಿಸುವ ಹೆಂಗಸು, ಹುಡುಗಿಯ ಹಾಗೆ ಕೆಂಪಾದರು.

"ಏನ್ ನೋಡಾಕತ್ತೀ ಬೇ? ಮಂದಿ ನೋಡಿಲ್ಲೇನು?" ಎಂದು ಒದರಿ ಮತ್ತೆ ಕೊಟ್ಟಿಗೆ ಸೇರಿದರು. ನಾನು ನಗಬೇಕಿತ್ತು. ನಗು ಬರಲಿಲ್ಲ. ಬೀಸುವ ಕಲ್ಲಿನ ಮುಂದೆ ಅವರು ಗಿಳಿಗೆ ಗುನುಗುತ್ತಿದ್ದುದು ತಮ್ಮದೇ ತವರಿನ ಹೆಸರನ್ನು. ಅವರ ಮುಂದೆಯೂ ಯಾರೋ ಒಂದು ಅಕ್ಕಿಯ ತಟ್ಟೆ ಹಿಡಿದಿದ್ದರು ಎಂದು ಆವರೆಗೆ ನನಗೆ ಹೊಳೆದೇ ಇರಲಿಲ್ಲ.

ತೊಗರಿ ರಾಶಿ ಮುಗಿಯಿತು. ಮಾವ ಊಟಕ್ಕೆ ಕೂತು, "ನಾಳಿಗೆ ಗಾಡಿ ಹೊಂಟದ. ಗಿಣಿ ಕಟ್ಟಿಡ್ರಿ" ಎಂದರು. ಎದೆಗೆ ಇನ್ನೂ ಅರ್ಧವೇ ಗರಿ ಬಂದಿದ್ದವು. ಅತ್ತೆ ರೊಟ್ಟಿ ಬಡಿಯುತ್ತಿದ್ದರು, ನಾನು ಬಾಗಿಲ ಮರೆಯಲ್ಲಿದ್ದೆ. ಗಿಳಿ ಆಗಲೇ ಕೂಗಬೇಕೇ! ಅತ್ತೆಯ ಹೆಸರನ್ನು ಎರಡು ಸಲ, ಎಳೆತದ ಸಮೇತ ಕೂಗಿತು.

ಮಾವ ಅತ್ತಿತ್ತ ನೋಡಿದರು. "ಯಾರ ಬೇ ಅದು? ಯಾರ್ನ ಕರ್ಯಾಕತ್ತದ?"

ಅತ್ತೆಯ ಕೈ ಹಿಟ್ಟಿನ ಮೇಲೆ ನಿಂತಿತು. "ಯಾರ್ನೂ ಇಲ್ರಿ" ಎಂದರು. "ಹುಚ್ಚ ಗಿಣಿ."

ಮೂವತ್ತೈದು ವರ್ಷ ಜೊತೆ ಉಂಡ ಮನುಷ್ಯನಿಗೆ ಆ ಹೆಸರು ನೆನಪಿರಲಿಲ್ಲ. ಮದುವೆಯ ದಿನ ಕೇಳಿದ್ದ, ಉಂಗುರ ಹಿಡಿದು ತಾನೇ ಅಳಿಸಿದ್ದ, ಮರೆತಿದ್ದ. ಅತ್ತೆ 'ಯಾರ್ನೂ ಇಲ್ಲ' ಎಂದದ್ದು ಕೇಳಿ ನನ್ನ ಹೊಟ್ಟೆಯಿಂದ ಬೆಂಕಿ ಎದ್ದಿತು. ಸೊಸೆ ಮಾತಾಡಬಾರದು ಎಂಬುದು ಅದರಲ್ಲೇ ಸುಟ್ಟುಹೋಯಿತು.

"ಅತ್ತಿಯಾರ್ನ ಕರ್ಯಾಕತ್ತದ್ರಿ" ಎಂದೆ, ಬಾಗಿಲ ಮರೆಯಿಂದ ಹೊರಗೆ ಬಂದು. "ಅವರ ತವರಿನ ಹೆಸರದು. ನಿಮಗ ಗೊತ್ತಿರಬೇಕಿತ್ತು."

ನಾನು ಮಾವನ ಜೊತೆ ಆಡಿದ ಮೊದಲ ಮಾತು ಅದು. ಮನೆ ತಲೆಯ ಮೇಲೆ ಬೀಳುತ್ತದೆ ಎಂದು ಕಾದೆ. ಮಾವ ತುತ್ತು ಹಿಡಿದುಕೊಂಡೇ ಅತ್ತೆಯ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. ಮೀಸೆ ಅಲುಗಾಡಿತು.

"ಏನ್ ನೋಡ್ತೀರಿ, ರೊಟ್ಟಿ ಆರಾಕತ್ತದ, ಉಣ್ರಿ" ಎಂದರು ಅತ್ತೆ. ಹಿಟ್ಟನ್ನು ಮತ್ತೆ ಬಡಿಯತೊಡಗಿದರು, ಬೇಕಾದದ್ದಕ್ಕಿಂತ ಜೋರಾಗಿ. "ಗಿಣಿ ಎಲ್ಲಿಗೂ ಹೋಗಂಗಿಲ್ಲ."

ಮಾವ ತಲೆಬಗ್ಗಿಸಿ ಉಂಡರು. ಆಮೇಲೆ ಅತ್ತೆ ನನಗೆ ನೀರು ತರಲು ಕೂಗಿ ಹೇಳಿದರು. ತಟ್ಟೆಯ ಅಕ್ಕಿಯಲ್ಲಿ ಬರೆದ ಹೆಸರಿನಿಂದಲ್ಲ, ಗಿಳಿ ನದಿ ದಾಟಿಸಿ ತಂದ ಹೆಸರಿನಿಂದ. ನಾನು "ಓ" ಎಂದೆ. ಎಂದವಳು ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತು ಅತ್ತುಬಿಟ್ಟೆ, ಮಾವ ನೀರಿಗೆ ಕಾಯುತ್ತಲೇ ಕೂತಿದ್ದರು.