ಏಜಾಜ್ ಸಾಬರ ಕೊನೆಗಳಿಗೆ

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹಾಸಿಗೆ ಅಂಗಡಿ ಇಟ್ಟಿರುವ ಏಜಾಜ್ ಅಹಮದರ ದಿಂಬಿಗೆ ತಲೆ ಕೊಟ್ಟವರು ಮಾತು ಮುಗಿಸುವ ಮೊದಲೇ ಗೊರಕೆ ಹೊಡೆಯುತ್ತಾರೆ ಎಂಬುದು ಊರಿನ ಮಾತು. ಮದುವೆಯ ಹಾಸಿಗೆಯಿರಲಿ, ಬಾಣಂತಿಯ ಹಾಸಿಗೆಯಿರಲಿ, ಅವರ ಕೈಯಲ್ಲೇ ಹೊಲಿಸಬೇಕು. ಇಂಥ ಮನುಷ್ಯನಿಗೆ ದೇವರು ಹುಡುಕಿ ಹುಡುಕಿ ಕೊಟ್ಟದ್ದು ದಿಂಬಿಗೆ ತಲೆ ಇಡಲಾಗದ ಕಾಯಿಲೆ. ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರಲ್ಲ, ಹಾಗೆ.

ಸಂಜೆ ಮಸೀದಿಯಲ್ಲಿ ಅಸರ್ ನಮಾಜಿನ ಆಜಾನ್ ಕೂಗುವ ಹೊತ್ತಿಗೆ ಸರಿಯಾಗಿ ಎಡಗಣ್ಣಿನ ಹಿಂದೆ ಯಾರೋ ದಬ್ಬಳ ಚುಚ್ಚಿ ತಿರುವಿದಂತೆ ನೋವು ಶುರುವಾಗುತ್ತಿತ್ತು. ಆ ಕಣ್ಣೊಂದೇ ಕೆಂಡದಂತೆ ಕೆಂಪಾಗಿ ನೀರು ಸುರಿಸುತ್ತಿತ್ತು, ಮೂಗಿನ ಆ ಹೊಳ್ಳೆಯೊಂದೇ ಸೋರುತ್ತಿತ್ತು. ಮಲಗಿದರೆ ನೋವು ಹೆಚ್ಚು. ಹಾಗಾಗಿ ಅವರು ಅಂಗಡಿಯೊಳಗೆ ಗಾಣದ ಎತ್ತಿನಂತೆ ಸುತ್ತು ಹಾಕುತ್ತಿದ್ದರು, ಹತ್ತಿಯ ಮೂಟೆಗೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಹೊತ್ತು ಮುಳುಗುವಷ್ಟರಲ್ಲಿ ನೋವು ಹೇಳದೆ ಕೇಳದೆ ಎದ್ದು ಹೋಗಿಬಿಡುತ್ತಿತ್ತು. ಆಮೇಲೆ ನೋಡಿದರೆ ಇವರಷ್ಟು ಆರೋಗ್ಯವಂತ ಗುಬ್ಬಿಯಲ್ಲೇ ಇಲ್ಲ. ನಮಾಜ್ ತಪ್ಪಿಸಿಕೊಳ್ಳಲು ಒಳ್ಳೆಯ ನೆಪ ಹುಡುಕಿದ್ದಾನೆಂದು ಕೆಲವರು ನಕ್ಕದ್ದೂ ಉಂಟು.

ಡಾಕ್ಟರುಗಳಿಗೆ ತೋರಿಸಲಿಲ್ಲವೆಂದಲ್ಲ. ಆದರೆ ಟೋಕನ್ ಸಿಗುವುದು ಬೆಳಿಗ್ಗೆ, ನೋವು ಬರುವುದು ಸಂಜೆ. ಗುಬ್ಬಿಯ ಹಲ್ಲಿನ ಡಾಕ್ಟರು ಗಟ್ಟಿಯಾಗಿದ್ದ ದವಡೆ ಹಲ್ಲೊಂದನ್ನು ಕಿತ್ತು ಮೇಲಿನ ಗಾದೆಯನ್ನು ನಿಜ ಮಾಡಿದರು. ಕುಣಿಗಲ್‌ನಲ್ಲಿರುವ ತಂಗಿಯ ಗಂಡ ತಾರಿಖ್, ತಮ್ಮೂರಿನ ಕಣ್ಣಿನ ಕ್ಯಾಂಪಿಗೆ ಕರೆದೊಯ್ದು ಕನ್ನಡಕ ಹಾಕಿಸಿದ. ಸೈನಸ್ ಅಂದವರೊಬ್ಬರು ಹಬೆ ಹಿಡಿಸಿದರು. ಕನ್ನಡಕದ ಮೇಲೆ ಹಬೆ ಕೂತಿತು, ನೋವು ಮಾತ್ರ ತನ್ನ ಹೊತ್ತಿಗೆ ತಾನು ಬರುತ್ತಲೇ ಇತ್ತು.

ಕೊನೆಗೆ ತುಮಕೂರಿನ ನರದ ಡಾಕ್ಟರಮ್ಮನ ಬಳಿ ಕಾಯಿಲೆ ಸಿಕ್ಕಿಬಿತ್ತು, ಅದೂ ಆಕೆ ತಡವಾಗಿ ಬಂದದ್ದರಿಂದ. ಬೆಳಿಗ್ಗೆ ನೋಡಬೇಕಾದವರನ್ನು ಸಂಜೆ ನೋಡಿದರು. ಬೆಂಚಿನಲ್ಲಿ ಕೂತು ಬೈದುಕೊಳ್ಳುತ್ತಿದ್ದ ಏಜಾಜರಿಗೆ ಆಕೆಯ ಕಣ್ಣೆದುರೇ ನೋವು ಎದ್ದಿತು. ಡಾಕ್ಟರಮ್ಮ ಒಂದು ಗಳಿಗೆ ಅವರ ಸುತ್ತಾಟ ನೋಡಿ, ಕುರ್ಚಿಯಲ್ಲಿ ಕೂರಿಸಿ, ಮುಖಕ್ಕೆ ಮಾಸ್ಕ್ ಹಾಕಿಸಿ ಆಕ್ಸಿಜನ್ ಜೋರಾಗಿ ಬಿಡಿಸಿದರು. ಕಾಲು ಗಂಟೆಯಲ್ಲಿ ನೋವು ಇಳಿಯಿತು. ತಿಂಗಳುಗಟ್ಟಲೆ ಯಾರ ಮಾತಿಗೂ ಬಗ್ಗದ ನೋವು ಬರೀ ಗಾಳಿಗೆ ಬಗ್ಗಿದ್ದನ್ನು ಕಂಡು ಏಜಾಜರು ಚಿಕ್ಕ ಮಗುವಿನಂತೆ ಅತ್ತುಬಿಟ್ಟರು.

"ಇದಕ್ಕೆ ಕ್ಲಸ್ಟರ್ ತಲೆನೋವು ಅಂತಾರೆ. ಮಾತ್ರೆ ಬರೀತೀನಿ, ಅದು ಹಿಡಿಯೋಕೆ ಕೆಲವು ವಾರ ಬೇಕು. ಅಲ್ಲೀವರೆಗೂ ಮನೇಲಿ ಒಂದು ಸಿಲಿಂಡರ್ ಇಟ್ಕೊಳ್ಳಿ. ನೋವು ಬಂದ ತಕ್ಷಣ ಹೀಗೇ ಕೂತು ಎಳ್ಕೊಳ್ಳಿ," ಅಂದರು ಡಾಕ್ಟರಮ್ಮ.

ಮದ್ದು ಸಿಕ್ಕಿತು. ಇನ್ನು ಅದು ಮನೆಗೆ ಬರಬೇಕಿತ್ತು, ಅಷ್ಟೇ.

ಏಜಾಜರಿಗೆ ಬೂರುಗದ ಹತ್ತಿ ತಂದುಕೊಡುವ ಹೆಬ್ಬೂರಿನ ದೊಡ್ಡರಂಗಯ್ಯನಿಗೆ ತುಮಕೂರಿನಲ್ಲಿ ಸಿಲಿಂಡರ್ ಬಾಡಿಗೆಗೆ ಕೊಡುವ ರಾಮಾಂಜಿನಯ್ಯ ಬಳಕೆ. ಅವನೇ ಕರೆದುಕೊಂಡು ಹೋದ. ರಾಮಾಂಜಿನಯ್ಯ ಕೆಟ್ಟವನಲ್ಲ. ಕೋವಿಡ್ ಕಾಲದಲ್ಲಿ ಜನ ಅವನ ಬಾಗಿಲಲ್ಲಿ ಕೂತು ಅತ್ತದ್ದನ್ನು ಕಂಡವನು. ಅಂದಿನಿಂದ ಉಸಿರಿಲ್ಲದವರಿಗಲ್ಲದೆ ಸಿಲಿಂಡರ್ ಕೊಡುವುದಿಲ್ಲವೆಂದು ಆಣೆ ಹಾಕಿಕೊಂಡಿದ್ದ. ಡಾಕ್ಟರ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಏಜಾಜರ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಮೆಷಿನ್ ಕ್ಲಿಪ್ಪು ಸಿಕ್ಕಿಸಿದ.

"ತೊಂಬತ್ತೊಂಬತ್ತು ಐತೆ ಸಾಬ್ರೇ! ನನಗೇ ಇಷ್ಟಿಲ್ಲ. ತಲೆನೋವಿಗೆ ಯಾರಾದ್ರೂ ಆಕ್ಸಿಜನ್ ಕೊಡ್ತಾರಾ? ನಾಳೆ ಯಾರೋ ಸಾಯ್ತಿರೋರು ಬಂದ್ರೆ ನಾನೇನು ಕೊಡ್ಲಿ? ಅದೂ ನಿಮ್ದು ಹತ್ತಿ ಅಂಗಡಿ, ಬೆಂಕಿ ಬಿದ್ರೆ?"

"ಅಂಗಡೀಲಿ ಇಡಲ್ಲ, ಮನೇಲಿ ಇಡ್ತೀನಿ," ಅಂದರು ಏಜಾಜ್.

"ಒಂದು ಅಮೃತಾಂಜನ ಹಚ್ಕೊಳಿ," ಅಂದ ರಾಮಾಂಜಿನಯ್ಯ, ನಿಜವಾದ ಕಾಳಜಿಯಿಂದ.

ಆರೋಗ್ಯ ಚೆನ್ನಾಗಿರುವುದೇ ತಪ್ಪಾಗಿ ಏಜಾಜರು ಬರಿಗೈಯಲ್ಲಿ ಮನೆಗೆ ಬಂದರು. ಆ ಸಂಜೆ ಅವರು ಹಣೆ ಚಚ್ಚಿಕೊಂಡದ್ದು ಮೂಟೆಗಲ್ಲ, ಗೋಡೆಗೆ. ಅವರ ಹೆಂಡತಿ ಶಾಹೀನ್ ಅದನ್ನು ನೋಡಿದಳು. ಮದುವೆಯಾದಾಗಿನಿಂದ ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಅಂಥವರು ಒಂದೇ ಸಲ ಹೇಳಿದರೂ ದೊಡ್ಡದನ್ನೇ ಹೇಳುತ್ತಾರೆ. ಮರುದಿನ ಮಧ್ಯಾಹ್ನವಾಗುತ್ತಲೇ ರಾಮಾಂಜಿನಯ್ಯನಿಗೆ ಫೋನ್ ಮಾಡಿದಳು.

"ಅಣ್ಣಾ, ನಮ್ಮ ಮನೆಯವ್ರು ಕೊನೆಗಳಿಗೇಲಿ ಇದಾರೆ. ಉಸಿರೇ ಆಡ್ತಿಲ್ಲ."

ರಾಮಾಂಜಿನಯ್ಯ ಫೋನ್ ಹಿಡಿದೇ ಎದ್ದ. ನಿನ್ನೆ ಅಮೃತಾಂಜನ ಹಚ್ಚಿಕೋ ಎಂದು ಕಳಿಸಿದ ಮನುಷ್ಯ! ಊಟಕ್ಕೂ ಕೂರದೆ ಲಗೇಜ್ ಆಟೋದಲ್ಲಿ ಸಿಲಿಂಡರ್ ಹೇರಿಕೊಂಡು ತಾನೇ ಹೊರಟ. ಹೊರಡುವ ಮೊದಲು ದೊಡ್ಡರಂಗಯ್ಯನಿಗೆ ಸುದ್ದಿ ಮುಟ್ಟಿಸಿದ, ದೊಡ್ಡರಂಗಯ್ಯ ಕುಣಿಗಲ್ಲಿನ ತಾರಿಖನಿಗೆ ಮುಟ್ಟಿಸಿದ. ಇನ್ನು ಗುಬ್ಬಿಯ ಬೀದಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೋವಿಡ್ ಆದಮೇಲೆ ಮನೆ ಮುಂದೆ ಸಿಲಿಂಡರ್ ಇಳಿದರೆ ಏನರ್ಥವೆಂದು ಅಲ್ಲಿಯ ಮಕ್ಕಳಿಗೂ ಗೊತ್ತು.

ಮಧ್ಯಾಹ್ನದ ಊಟ ಮುಗಿಸಿ, ಬಾಯಲ್ಲಿ ಅಡಿಕೆ ಹಾಕಿಕೊಂಡು ಕೂತಿದ್ದ ಏಜಾಜರಿಗೆ ಮನೆ ತುಂಬ ಜನ ಕಂಡರು. ಅವರ ತಾಯಿ ಮಸ್ತಾನ್ ಬೀ ಆಗಲೇ ಮಗನ ಕಾಲ ಬಳಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮನೆಯಲ್ಲಿ ಆಡುವುದು ಉರ್ದು, ಬಾಗಿಲಲ್ಲಿ ನಿಂತವರ ಜೊತೆ ಕನ್ನಡ. ಅವತ್ತು ಎರಡರಲ್ಲೂ ಒಂದೇ ಮಾತು ನಡೆಯುತ್ತಿತ್ತು.

ಸಾಯುವವನ ಹತ್ತಿರ ಹೋಗಿ, ಆಡಿದ್ದು ಕೇಳಿದ್ದೆಲ್ಲ ಮಾಫ್ ಮಾಡಿಬಿಡು ಎಂದು ಕೇಳಿಕೊಳ್ಳುವುದು ಅವರಲ್ಲಿ ವಾಡಿಕೆ. ತಾರಿಖ್ ಬಂದವನೇ ಕೈ ಹಿಡಿದುಕೊಂಡ. "ಭಾಯಿ, ನಮ್ಮ ಮದುವೇಲಿ ನೀವು ಕೊಟ್ಟ ಹಾಸಿಗೇನ ನಾನು ಮಾರ್ಬಿಟ್ಟೆ. ಫೋಮಿಂದು ತಂದೆ. ಮನಸ್ಸಲ್ಲಿ ಇಟ್ಕೋಬೇಡಿ."

"ಮಾರಿದ್ಯಾ!" ಅಂದರು ಏಜಾಜ್. "ನಾನು ಸಾಯ್ತಿಲ್ಲ ಕಣೋ, ತಲೆನೋವು ಅಷ್ಟೇ."

"ಹೌದು ಭಾಯಿ, ಹೌದು," ಎಂದು ತಾರಿಖ್ ಅವರ ಬೆನ್ನು ಸವರಿದ. ಎಲ್ಲರೂ ತಲೆಯಾಡಿಸಿದರು. ಆ ಗಳಿಗೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ ಎಂಬ ತಲೆಯಾಟ ಅದು.

ದೊಡ್ಡರಂಗಯ್ಯನಿಗೂ ಈ ವಾಡಿಕೆ ಹಿಡಿಸಿತು. ಒಂದು ಎಳನೀರು ಪಕ್ಕಕ್ಕಿಟ್ಟು, ಕಿವಿಯ ಹತ್ತಿರ ಬಗ್ಗಿ, "ಸಾಬ್ರೇ, ತೂಕಕ್ಕೆ ಅಂತ ಬೂರುಗದ ಹತ್ತೀಲಿ ಬೀಜ ಬುಡ್ತಿದ್ದೆ. ಹೋಗ್ಲಿ ಬುಡಿ ಅನ್ಬುಡಿ," ಎಂದ.

ಏಜಾಜರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಸಾಯುತ್ತಿರುವವನು ಸಿಟ್ಟು ಮಾಡುವಂತಿಲ್ಲ. ಹೆಂಡತಿಯನ್ನು ಕೂಗಿದರು, ಅವಳು ಬರಲಿಲ್ಲ. ಒಳಕೋಣೆಯಲ್ಲಿ ಬೀದಿಯ ಹೆಂಗಸರು ಶಾಹೀನಳನ್ನು ನಡುವೆ ಕೂರಿಸಿಕೊಂಡು ಅವಳ ಕೈಯ ಬಳೆಗಳನ್ನೇ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದರು. ನಿಜ ಹೇಳಿಬಿಡಲು ಅವಳಿಗೆ ನಾಲಿಗೆ ತುರಿಸುತ್ತಿತ್ತು. ಆದರೆ ರಾಮಾಂಜಿನಯ್ಯ ಹೋಗದೆ ಬಾಗಿಲಲ್ಲೇ ಕೈ ಕಟ್ಟಿ ನಿಂತಿದ್ದ. ಗಂಡ ಸಾಯುವುದಿಲ್ಲ ಅಂದರೆ ಸಿಲಿಂಡರ್ ಹೋಗುತ್ತದೆ, ಸಿಲಿಂಡರ್ ಉಳಿಯಬೇಕೆಂದರೆ ಗಂಡ ಸಾಯುತ್ತಿರಬೇಕು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ಸುಮ್ಮನೆ ಕೂತಳು. ನೋಡಿದವರಿಗೆ ಅದೂ ಅಳುವಂತೆಯೇ ಕಂಡಿತು.

ಅಷ್ಟರಲ್ಲಿ ಅಸರ್ ಆಜಾನ್ ಕೂಗಿತು. ನೋವು ಎಂದಿನಂತೆ ಒಂದು ಗಳಿಗೆಯೂ ತಡಮಾಡದೆ ಬಂದಿತು.

ಏಜಾಜರು ಎಡಗಣ್ಣು ಒತ್ತಿಹಿಡಿದು, ಮೂಲೆಯಲ್ಲಿದ್ದ ಸಿಲಿಂಡರಿನ ಕಡೆಗೆ ಧಡಕ್ಕನೆ ಎದ್ದರು. ಜೀವ ಹೋಗುವಾಗಿನ ಒದ್ದಾಟವೆಂದರೆ ಇದೇ ಎಂದು ಹಿರಿಯರೊಬ್ಬರು ಗುರುತಿಸಿದರು. ತಾರಿಖ್ ಕಾಲು ಹಿಡಿದ, ದೊಡ್ಡರಂಗಯ್ಯ ಭುಜ ಹಿಡಿದ. ಸಾಯುವವರಿಗೆ ಮಾಡುವಂತೆ ಪಶ್ಚಿಮಕ್ಕೆ ಮುಖ ಮಾಡಿಸಿ, ಅಂಗಾತ ಮಲಗಿಸಿ, ತಲೆಯ ಕೆಳಗೆ ಅಂಗಡಿಯಲ್ಲೇ ಅತ್ಯುತ್ತಮವಾದ ದಿಂಬನ್ನಿಟ್ಟರು. ಯಾರೋ ಕೊನೆಗಳಿಗೆಯಲ್ಲಿ ಓದುವ ಕುರಾನಿನ ಯಾಸೀನ್ ಅಧ್ಯಾಯ ಓದತೊಡಗಿದರು. ಮಸ್ತಾನ್ ಬೀ ಚಮಚದಲ್ಲಿ ಮಕ್ಕಾದ ಜಮ್‌ಜಮ್ ನೀರು ಬಾಯಿಗೆ ಬಿಟ್ಟರು. "ಬಿಡ್ರೋ! ಎಬ್ಬಿಸ್ರೋ!" ಎಂದು ಏಜಾಜರು ಅರಚಿದಷ್ಟೂ ಪ್ರೀತಿಯ ಕೈಗಳು ಇನ್ನಷ್ಟು ಗಟ್ಟಿಯಾಗಿ ಅದುಮಿದವು. ಆ ನೋವಿನಲ್ಲಿ, ಇಷ್ಟು ಜನ ತನ್ನವರ ನಡುವೆ, ತನಗೆ ಯಾರೂ ಇಲ್ಲ ಎಂದು ಅವರಿಗೆ ಅನ್ನಿಸಿತು.

ಆ ಅರಚು ಕೇಳಿ ಶಾಹೀನ್ ಹೆಂಗಸರನ್ನು ತಳ್ಳಿಕೊಂಡು ಬಂದಳು. "ಏಳ್ಸಿ ಕೂರ್ಸಿ ಅವ್ರನ್ನ!" ಎಂದು ತಾರಿಖನ ಕೈಗೆ ಒಂದೇಟು ಹಾಕಿ, ವಾಲ್ವ್ ತಿರುಗಿಸಿ, ಮಾಸ್ಕನ್ನು ಗಂಡನ ಮುಖಕ್ಕೆ ಒತ್ತಿದಳು. ಹೆಂಡತಿಯ ಕೊನೆಯ ಆಸೆ ಎಂದು ಜನ ಹಿಂದೆ ಸರಿದರು. ಏಜಾಜರು ಕೂತು ಎಳೆದರು, ಎಳೆದರು. ಯಾಸೀನ್ ಮುಗಿಯಿತು. ಕಣ್ಣಿನ ಕೆಂಪು ಇಳಿಯಿತು. ಮಾಸ್ಕ್ ತೆಗೆದು, "ಚಾ ಇದ್ಯಾ?" ಎಂದು ಕೇಳಿದರು.

ಮನೆಯಲ್ಲಿ ಎದ್ದ ಸಂಭ್ರಮವನ್ನು ಏನು ಹೇಳುವುದು! ಜಮ್‌ಜಮ್ ನೀರಿನ ಮಹಿಮೆ ಎಂದರು ಮಸ್ತಾನ್ ಬೀ. ಯಡಿಯೂರು ಸಿದ್ಧಲಿಂಗೇಶ್ವರನಿಗೆ ತಾನು ಅದೇ ಗಳಿಗೆಯಲ್ಲಿ ಹರಕೆ ಕಟ್ಟಿಕೊಂಡೆನೆಂದ ದೊಡ್ಡರಂಗಯ್ಯ. ಸಿಲಿಂಡರಿನ ಪರವಾಗಿ ಮಾತಾಡಬೇಕಾಗಿದ್ದ ರಾಮಾಂಜಿನಯ್ಯನೇ ಕೈ ಮುಗಿದು, "ನಂದೇನೈತೆ? ಎಷ್ಟು ಮನೆಗೆ ಕೊಟ್ಟಿದೀನಿ, ಎದ್ದು ಕೂತು ಟೀ ಕೇಳಿದೋರನ್ನ ಕಂಡಿಲ್ಲ. ಎಲ್ಲಾ ದೇವ್ರು," ಎಂದುಬಿಟ್ಟ.

"ಹಾಗಾದ್ರೆ ಆ ಸಾವಿನ ಸಾಮಾನು ಮನೇಲಿ ಯಾಕೆ? ತಗೊಂಡು ಹೋಗಪ್ಪಾ, ಇನ್ಯಾರಿಗೋ ಬೇಕಾಗಿರುತ್ತೆ. ನನ್ನ ಮಗನ ಜೀವದ ಸದಖಾ ಅದು, ದಾನ ಮಾಡ್ದಂಗೆ," ಎಂದರು ಮಸ್ತಾನ್ ಬೀ.

"ಇರ್ಲಿ ಅಮ್ಮೀ, ನಾಳೆ ಬೇಕಾಗುತ್ತೆ," ಎಂದಳು ಶಾಹೀನ್.

"ತೋಬಾ! ನಾಲಿಗೆ ಕಚ್ಕೊಳ್ಳೇ! ಗಂಡನಿಗೆ ನಾಳೆನೂ ಬೇಕಾಗ್ಲಿ ಅಂತಾಳಲ್ಲ!" ಎಂದು ಹೆಂಗಸರು ಅವಳ ಬಾಯಿ ಮುಚ್ಚಿಸಿದರು. ಏಜಾಜರು ಬೇಡವೆಂದು ಏಳುವಷ್ಟರಲ್ಲಿ ತಾರಿಖನೂ ದೊಡ್ಡರಂಗಯ್ಯನೂ ಸಿಲಿಂಡರನ್ನು ಖುಷಿಯಿಂದ ಎತ್ತಿ ಆಟೋಗೆ ಹಾಕಿದ್ದರು. ಯಾರೋ ಬೀದಿಗೆಲ್ಲ ಮೈಸೂರುಪಾಕು ಹಂಚಿದರು.

ಮರುದಿನ ಶಾಹೀನ್ ಫೋನ್ ಮಾಡಿದರೆ ರಾಮಾಂಜಿನಯ್ಯ ನಕ್ಕ. "ಯಮನ್ನೇ ವಾಪಸ್ ಕಳಿಸಿದೋರಿಗೆ ಇನ್ನೇನಮ್ಮಾ ಆಗುತ್ತೆ? ಆ ಸಿಲಿಂಡರ್ ಆಗ್ಲೇ ಬೇರೆಯವ್ರ ಮನೆಗೆ ಹೋಯ್ತು. ಇನ್ನೊಂದು ಇದೆ, ಸಾಯೋರಿಗೆ ಅಂತ ಇಟ್ಟಿದೀನಿ."

ಆಜಾನ್ ಕೂಗಿತು. ಇವತ್ತು ಹಿಡಿಯುವವರಿರಲಿಲ್ಲ, ಓದುವವರಿರಲಿಲ್ಲ. ಮಸ್ತಾನ್ ಬೀ ಒಬ್ಬರೇ ಮೊದಲ ಸಲ ಪೂರ್ತಿ ಕೂತು ನೋಡಿದರು. ಮಗ ಗೋಡೆಯಿಂದ ಗೋಡೆಗೆ ನಡೆದದ್ದನ್ನು, ಕಣ್ಣು ಕಿತ್ತು ಬಿಸಾಡುವವನಂತೆ ಮುಷ್ಟಿಯಿಂದ ಒತ್ತಿಕೊಂಡದ್ದನ್ನು, ಗೋಡೆಗೆ ಹಣೆ ತಾಗಿಸಿದಾಗ ಬಂದ ಸದ್ದನ್ನು. ಉಳಿದಿದ್ದ ಜಮ್‌ಜಮ್ ನೀರೆಲ್ಲ ಕುಡಿಸಿದರು. ನೋವು ತನ್ನ ಹೊತ್ತು ತೀರಿಸಿಯೇ ಹೋಯಿತು. ಏಜಾಜರು ಒದ್ದೆ ಬಟ್ಟೆಯಂತೆ ಕುಸಿದು ಕೂತರು.

"ನಿನ್ನೆ ಆ ಗಾಳಿ ಎಳ್ಕೊಂಡ ಮೇಲೇ ಹೋಗಿದ್ದಾ ಬೇಟಾ?" ಎಂದು ಮುದುಕಿ ಕೇಳಿದರು.

ಏಜಾಜರು ತಲೆಯಾಡಿಸಿದರು.

ಮಸ್ತಾನ್ ಬೀ ಎದ್ದು ಮಗ ಹೊಲಿದ ಹಾಸಿಗೆ ಬಿಡಿಸಿ, ಪಶ್ಚಿಮಕ್ಕೆ ಮುಖ ಮಾಡಿ ಮಲಗಿ, ಕುತ್ತಿಗೆವರೆಗೂ ಚಾದರ ಎಳೆದುಕೊಂಡರು.

"ಶಾಹೀನ್, ಆ ಸಿಲಿಂಡರಿನವನಿಗೆ ಫೋನ್ ಹಚ್ಚು. ಅತ್ತೆ ಕೊನೆಗಳಿಗೇಲಿ ಇದಾರೆ ಅನ್ನು. ಈ ವಯಸ್ಸಿಗೆ ಯಾರೂ ಬೆರಳು ನೋಡಲ್ಲ."

"ಅಮ್ಮೀ..." ಎಂದು ಏಜಾಜರು ತಾಯಿಯ ಕಾಲ ಬಳಿ ಸರಿದು ಕೂತರು.

"ಮಾತ್ರೆ ಹಿಡಿಯೋಕೆ ಕೆಲವು ವಾರ ಬೇಕು ಅಂದ್ರಲ್ಲ ಡಾಕ್ಟರಮ್ಮ? ಅಲ್ಲೀವರೆಗೂ ನಾನು ಸಾಯ್ತಾನೇ ಇರ್ತೀನಿ," ಎಂದು ಮಸ್ತಾನ್ ಬೀ ಕಣ್ಣು ಮುಚ್ಚಿಕೊಂಡರು. "ನಿನ್ನ ಹಾಗೆ ಅವಸರಪಟ್ಟು ಎದ್ದು ಚಾ ಕೇಳಲ್ಲ ನಾನು."