ಮೆಟ್ರಿ ಗೌಡರ ಮನೆಯ ಮಾಣಿಕ್ಯ

1930ರ ದಶಕದಲ್ಲಿ, ನಮ್ಮ ಸೀಮೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದಾಗ, ನಾನು ಹೊಸಪೇಟೆಯ ಬಜಾರಿನಲ್ಲಿ ಹರಳು ಪರೀಕ್ಷಕನಾಗಿದ್ದೆ. ಮದ್ರಾಸಿನ ರತ್ನದ ವ್ಯಾಪಾರಿಯೊಬ್ಬರ ಬಳಿ ಕೆಲಸ ಕಲಿತು ಬಂದವನು. ಸುತ್ತಮುತ್ತ ಹರಳನ್ನು ಲೆನ್ಸ್ ಇಟ್ಟು ನೋಡುವವನು ನಾನೊಬ್ಬನೇ ಎಂಬ ಜಂಬ ನನಗಿತ್ತು. ಅದನ್ನು ಮುಚ್ಚಿಡುವ ಅಭ್ಯಾಸ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಮ್ಮ ಕಡೆ ಯಾರ ಮನೆಯ ಹಳೆಯ ಕೆಂಪು ಹರಳಾದರೂ ಅದು ಹಂಪಿಯ ಅರಸರ ಕಾಲದ್ದೇ. ಮನೆಯವರು ಹಾಗೆ ಹೇಳುತ್ತಿದ್ದರು, ನಾನು ತಲೆಯಾಡಿಸಿ ಲೆನ್ಸ್ ತೆಗೆಯುತ್ತಿದ್ದೆ.

ಒಂದು ಬೆಳಿಗ್ಗೆ ಮೆಟ್ರಿಯ ಗೌಡರು, ಅವರ ಹೆಂಡತಿ ಬಸಮ್ಮ ಮತ್ತು ಕಂಪ್ಲಿಯ ಪತ್ತಾರ ಮೌನೇಶಪ್ಪ ಒಟ್ಟಿಗೆ ಬಂದರು. ಪತ್ತಾರ ಎಂದರೆ ನಮ್ಮಲ್ಲಿ ಅಕ್ಕಸಾಲಿಗ. ಮೂವರ ಮುಖ ನೋಡಿದಾಗಲೇ ಇದು ಬೆಲೆ ಕೇಳಲು ಬಂದ ಗಿರಾಕಿಯಲ್ಲ ಎಂದು ತಿಳಿಯಿತು.

ಬಸಮ್ಮ ಗಂಟು ಬಿಚ್ಚಿ ಒಂದು ಬಂಗಾರದ ಪದಕವನ್ನೂ ಅದರಿಂದ ಕಿತ್ತ ಹರಳನ್ನೂ ಮುಂದಿಟ್ಟರು. ಪದಕ ಅವರ ಅತ್ತೆಯದು. ಮಗಳ ಮದುವೆಗೆ ಅದನ್ನು ಹೊಸ ಫ್ಯಾಷನ್ನಿನಲ್ಲಿ ಕಟ್ಟಿಸಬೇಕೆಂದು ಪತ್ತಾರನಿಗೆ ಕೊಟ್ಟಿದ್ದರು. ಹಳೆಯ ಕಟ್ಟಿನಲ್ಲಿ ಹರಳಿನ ಬುಡ ಮುಚ್ಚಿರುತ್ತದೆ. ಗುಳಿಯಲ್ಲಿ ಅರಗು ತುಂಬಿ, ಮೇಲೆ ಹೊಳೆಯುವ ಕೆಂಪು ತಗಡಿಟ್ಟು, ಅದರ ಮೇಲೆ ಹರಳು ಕೂರಿಸುತ್ತಾರೆ. ಹೊಸ ಕಟ್ಟಿನಲ್ಲಿ ಬುಡ ತೆರೆದಿರುತ್ತದೆ, ಬೆಳಕು ಆರಪಾರ ಹಾಯುತ್ತದೆ. ಮೌನೇಶಪ್ಪ ಹರಳು ಕಿತ್ತು ತೋರಿಸಿದಾಗ ಗೌಡರ ಮನೆಯವರಿಗೆ ಎದೆ ಧಸಕ್ಕೆಂದಿತ್ತು. ಹಣ್ಣು ಕೆಂಪಿನ ಹರಳು ತಿಳಿಗೆಂಪಾಗಿ ಕಂಡಿತು, ಒಳಗೆ ಹೊಗೆ ಆಡಿದ ಹಾಗೆ ಮಬ್ಬು ಬೇರೆ.

"ಇಂವ ಹರಳು ಬದ್ಲಿ ಮಾಡ್ಯಾನ್ರಿ ಶೆಟ್ರ," ಎಂದರು ಗೌಡರು. "ನಮ್ಮವ್ವ ಇದ್ದಾಗ ದೀಪಾವಳಿಗೊಮ್ಮೆ ಪದಕ ಹಾಲಿನ ಬಟ್ಲಾಗ ಇಡ್ತಿದ್ಲು. ಹಾಲು ಕೆಂಪಗ ಕಾಣ್ತಿತ್ತು. ನಿನ್ನಿ ಈ ಹರಳು ಇಟ್ವಿ, ಹಾಲು ಹಾಲಾಗೇ ಇತ್ತು. ನನ್ನ ಉಂಗ್ರ ನೋಡ್ರಿ, ಒಳಗ ಒಂದು ಕೂದ್ಲೆಳಿ ಇಲ್ಲ. ಕೆಂಪಂದ್ರ ಹಿಂಗಿರ್ಬೇಕು."

ಮೌನೇಶಪ್ಪ ಬಾಗಿಲ ಬಳಿ ತಲೆ ತಗ್ಗಿಸಿ ಕೂತಿದ್ದ. ಸುದ್ದಿ ಆಗಲೇ ಕಂಪ್ಲಿಯಲ್ಲಿ ಹಬ್ಬಿ, ಕೆಲವು ಮನೆಯವರು ಕೆಲಸಕ್ಕೆ ಕೊಟ್ಟ ಬಂಗಾರ ವಾಪಸು ಒಯ್ದಿದ್ದರು. ಹರಳು ಬದಲಾಗಿದೆ ಎಂದು ನಾನು ಹೇಳಿದರೆ ಅವನಿಗೆ ಯಾರೂ ಒಂದು ಮೂಗುತಿಯನ್ನೂ ಕೊಡುತ್ತಿರಲಿಲ್ಲ.

"ನಮ್ಮಜ್ಜನ ಕಾಲದಿಂದ ಇವ್ರ ಮನಿ ಕೆಲ್ಸ ಮಾಡೀವ್ರಿ," ಎಂದ. "ನಾ ಬದ್ಲಿ ಮಾಡಿಲ್ಲ. ನೀವು ನೋಡಿ ಹೇಳ್ರಿ, ನಾ ಏನೂ ಅನ್ನಂಗಿಲ್ಲ."

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮೊದಲು ಹರಳನ್ನು ಉಜ್ಜಿದೆ. ಬಿರುಕು ಮುಚ್ಚಲು ಬಣ್ಣದ ಎಣ್ಣೆ ಕುಡಿಸುವ ವ್ಯಾಪಾರಿಗಳು ಆಗಲೂ ಇದ್ದರು. ಹತ್ತಿ ಬೆಳ್ಳಗೇ ಉಳಿಯಿತು. ಆಮೇಲೆ ಬಾಗಿಲ ಬೆಳಕಿಗೆ ಹಿಡಿದು ಲೆನ್ಸಿನಲ್ಲಿ ನೋಡಿದೆ. ಗೌಡರು ಮಬ್ಬು ಎಂದದ್ದು ಮಬ್ಬಲ್ಲ, ಕೂದಲಿಗಿಂತ ಸಣ್ಣ ಸೂಜಿಗಳು, ಒಂದಕ್ಕೊಂದು ಓರೆಯಾಗಿ ಮೂರು ದಿಕ್ಕಿಗೆ ಹಾಯ್ದಿದ್ದವು. ನಮ್ಮ ವ್ಯಾಪಾರದಲ್ಲಿ ಇದಕ್ಕೆ ರೇಷ್ಮೆ ಎನ್ನುತ್ತೇವೆ. ಬಣ್ಣ ಏರಿಸಲು ಹರಳನ್ನು ಜೋರು ಬೆಂಕಿಗೆ ಹಿಡಿದರೆ ಈ ಸೂಜಿಗಳು ಕರಗಿ ಚುಕ್ಕಿಗಳಾಗುತ್ತವೆ. ಇಲ್ಲಿ ಒಂದೂ ಮುರಿದಿರಲಿಲ್ಲ. ಬೆಂಕಿ ಕಾಣದ, ಎಣ್ಣೆ ಮುಟ್ಟದ, ಭೂಮಿಯಿಂದ ಬಂದ ಹಾಗೆಯೇ ಇದ್ದ ಮಾಣಿಕ್ಯ. ಬಣ್ಣ ತಿಳಿಯಾದರೇನು, ಅದು ಅದರ ಸ್ವಂತ ಬಣ್ಣ. ಇಂಥದ್ದು ಕೈಗೆ ಬರುವುದೇ ಅಪರೂಪ. ಬಂದಾಗ ಮೈ ಜುಮ್ಮೆನ್ನುತ್ತದೆ, ಅಂದೂ ಜುಮ್ಮೆಂದಿತು.

ಅಷ್ಟಕ್ಕೇ ಪತ್ತಾರ ಪಾರಾಗಲಿಲ್ಲ. ಅಸಲಿ ಹರಳು ತೆಗೆದು ಇನ್ನೊಂದು ಅಸಲಿ ಹರಳು ಇಟ್ಟಿರಬಹುದಲ್ಲ? ಎಲ್ಲರೂ ಹರಳನ್ನೇ ನೋಡುತ್ತಿದ್ದರು. ನಾನು ಪದಕ ಎತ್ತಿಕೊಂಡೆ.

ಗುಳಿಯಲ್ಲಿ ಹಳೆಯ ಅರಗು, ತಗಡು ಹಾಗೆಯೇ ಇದ್ದವು. ಹಿಂದಿನವರು ಹರಳನ್ನು ಅಂದಕ್ಕಾಗಿ ಸಮ ಕೊಯ್ಯುತ್ತಿರಲಿಲ್ಲ, ತೂಕ ಉಳಿಯಲೆಂದು ಇದ್ದ ಆಕಾರದಲ್ಲೇ ಮೆರುಗು ಕೊಡುತ್ತಿದ್ದರು. ಈ ಹರಳಿನ ಬೆನ್ನಿಗೆ ಒಂದು ಪಕ್ಕದಲ್ಲಿ ತಗ್ಗಿತ್ತು. ಗುಳಿಯ ತಗಡಿನಲ್ಲಿ ಒಂದು ಪಕ್ಕಕ್ಕೆ ಉಬ್ಬಿತ್ತು. ಹರಳನ್ನು ಒಂದು ಕಡೆ ತಿರುಗಿಸಿ ಇಟ್ಟೆ, ಕೂರಲಿಲ್ಲ. ಇನ್ನೊಂದು ಕಡೆ ತಿರುಗಿಸಿದೆ, ತಗ್ಗು ಉಬ್ಬಿಗೆ ಸೇರಿ ಕಚ್ಚಿ ಕೂತಿತು. ಕೂತ ಕೂಡಲೇ ಹಣ್ಣು ಕೆಂಪಾಯಿತು.

"ನಮ್ಮತ್ತಿದೇ," ಎಂದರು ಬಸಮ್ಮ.

"ಹೌದ್ರಿ ತಾಯಿ. ಹಾಲಿನ್ಯಾಗ ಕಾಣ್ತಿದ್ದ ಕೆಂಪು ಈ ತಗಡಿಂದು. ಹರಳು ಖರೇ ಮಾಣಿಕ್ಯ, ಮೊದ್ಲಿಂದ ಹಿಂಗೇ ಐತಿ. ಒಳಗಿನ ಮಬ್ಬಿಗೆ ನಾವು ರೇಷ್ಮಿ ಅಂತೀವಿ, ಅದು ಭೂಮ್ಯಾಗ ಹುಟ್ಟಿದ ಗುರ್ತು."

ಗೌಡರು ಮೀಸೆ ತಿರುವಿದರು. "ಹಂಗಾದ್ರ ನನ್ನ ಉಂಗ್ರದ್ದು?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಊರಿಗೆ ದೊಡ್ಡವರು, ಹತ್ತು ಮನೆಯವರನ್ನು ನನ್ನ ಅಂಗಡಿಗೆ ಕಳಿಸುವವರು. ಸುಮ್ಮನಿದ್ದರೆ ನಡೆಯುತ್ತಿತ್ತು. ಆದರೆ ಆ ಉಂಗುರವೇ ಪತ್ತಾರನ ಮೇಲಿನ ಸಾಕ್ಷಿಯಾಗಿ ಬಂದಿತ್ತು. ಲೆನ್ಸ್ ಇಟ್ಟೆ. ಗ್ರಾಮಫೋನ್ ತಟ್ಟೆಯ ಮೇಲಿನಂಥ ಬಾಗಿದ ಗೆರೆಗಳು, ನಡುವೆ ದುಂಡನೆಯ ಗುಳ್ಳೆಗಳು.

"ಬಣ್ಣ ಭಾಳ ಚಂದ ಐತ್ರಿ ಗೌಡ್ರ. ಆದ್ರ ಇದು ಭೂಮ್ಯಾಗ ಹುಟ್ಟಿದ್ದಲ್ಲ, ಪರದೇಶದ ಕಾರ್ಖಾನಿ ಬೆಂಕ್ಯಾಗ ಮಾಡಿದ್ದು. ಅದಕ್ಕೇ ಒಳಗ ಒಂದೆಳಿ ಇಲ್ಲ."

ಗೌಡರು ಲೆನ್ಸನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡನ್ನೂ ಬಹಳ ಹೊತ್ತು ನೋಡಿದರು. ಕೊನೆಗೆ ನಕ್ಕುಬಿಟ್ಟರು.

"ಹೋಗ್ಲಿ ಬಿಡ್ರಿ. ಖರೇದ್ದು ಮಗಳ ಕೊಳ್ಳಾಗಿರ್ಲಿ, ಕಾರ್ಖಾನಿದು ನನ್ನ ಬೆರಳಾಗಿರ್ಲಿ."

ಇದು ಗೌಡರ ದೊಡ್ಡತನ. ಬಸಮ್ಮ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ಬುಡ ತೆರೆದೇ ಕಟ್ಟು, ಒಳಗಿನ ರೇಷ್ಮೆ ಕಾಣಲಿ ಎಂದು ಪದಕವನ್ನು ಮೌನೇಶಪ್ಪನಿಗೆ ಕೊಟ್ಟರು. ಮೇಲೆ ತಮ್ಮ ಕೈಯ ಬಂಗಾರದ ಅಗಲ ಬಳೆಗಳನ್ನೂ, ಪಾಟ್ಲಿಗಳನ್ನು, ಬಿಚ್ಚಿ, ಮಗಳಿಗೆ ಹೊಸ ಬಳೆ ಮಾಡಿಕೊಡು ಎಂದರು. ನಮ್ಮ ಸೀಮೆಯಲ್ಲಿ ಒಡಹುಟ್ಟಿದ ಪತ್ತಾರನಿಗಾದರೂ ಒಂದು ಗುಂಜಿ ತೂಕದ ಬಂಗಾರವನ್ನೂ ತೂಗದೆ ಕೊಡುವುದಿಲ್ಲ. ನಾನು ರೂಢಿಯಂತೆ ತಕ್ಕಡಿ ಎಳೆದೆ.

"ಬ್ಯಾಡ್ರಿ ಶೆಟ್ರ," ಎಂದರು ಬಸಮ್ಮ, ಬಾಗಿಲಲ್ಲಿ ನಿಂತ ಬಜಾರಿನ ಮಂದಿಗೂ ಕೇಳುವ ಹಾಗೆ. "ಹಂಗೇ ಒಯ್ಲಿ."

ಮೌನೇಶಪ್ಪ ಹೆಗಲ ಮೇಲಿನ ವಸ್ತ್ರ ಒಡ್ಡಿದ. ಕಣ್ಣೀರು ತಡೆಯಲಾಗದೆ ಮುಖ ಗೋಡೆಗೆ ತಿರುಗಿಸಿದ.

ಹೊಳಪು ಕಂಡು ಒಪ್ಪಬಾರದು, ಮಬ್ಬು ಕಂಡು ತಳ್ಳಬಾರದು, ಬೆಳಕಿಗೆ ಹಿಡಿದು ಕಂಡದ್ದನ್ನು ಎದುರಿಗೆ ಯಾರಿದ್ದರೂ ಹೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅದಾದ ಮೇಲೆ ಎಷ್ಟೋ ಮಾಣಿಕ್ಯಗಳಿಗೆ ಬೆಲೆ ಕಟ್ಟಿದ್ದೇನೆ. ತೂಗದೆ ಕೊಟ್ಟ ಆ ಪಾಟ್ಲಿಗಳಿಗೆ ಏನು ಬೆಲೆ ಎಂದು ಕೇಳಿದರೆ ಮಾತ್ರ ಇಂದಿಗೂ ನನಗೆ ಹೇಳಲು ಬಾರದು.