ಒಡ್ಡು ಇಳಿಯದೆ ಹುಡುಕಿದೆವು

ಹಳ್ಳಿಯಲ್ಲಿ ಮನುಷ್ಯ ಕಳೆದುಹೋಗುವುದಿಲ್ಲ ಎಂದು ನಾವೆಲ್ಲ ನಂಬಿಕೊಂಡವರು. ನಾನಿರುವ ಕಲಬುರಗಿಯ ಸೇಡಂ ರಸ್ತೆಯಲ್ಲಾದರೆ ಎದುರು ಮನೆಯವರು ಬೀಗ ಹಾಕಿ ಊರಿಗೆ ಹೋದದ್ದು ವಾರದ ಮೇಲೆ ಗೊತ್ತಾಗುತ್ತದೆ. ನನ್ನ ತವರು ಕಮಲಾಪುರದಲ್ಲಿ ಹಾಗಲ್ಲ. ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು ಎಂಬುದೂ ದೀಪ ಹಚ್ಚುವುದರೊಳಗೆ ಊರಿಗೆಲ್ಲ ತಿಳಿದಿರುತ್ತದೆ. ಅಂಥ ಊರಿನ ಸೀಮೆಯಲ್ಲೇ, ನಮ್ಮ ಹೊಲದಿಂದ ಕೂಗಳತೆಯ ದೂರದಲ್ಲಿ ಇದ್ದ ನನ್ನ ಸೋದರಮಾವ ನಮಗೆ ಸಿಗಲಿಲ್ಲ. ಕೂಗಳತೆ ಎಂದು ಬರೆದೆ. ಅವರಿಗೆ ಕೂಗು ಕೇಳುತ್ತಿರಲಿಲ್ಲ.

ಮಾಮಾ ಹುಟ್ಟಿದಾಗಿನಿಂದ ಕಿವುಡರು, ಮಾತೂ ಬರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಅವ್ವ ತಮ್ಮನನ್ನು ತನ್ನ ಮನೆಗೆ ಕರೆತಂದಳು. ಮದುವೆ ಆಗಲಿಲ್ಲ. ದನ ನೋಡಿಕೊಂಡು, ಅಂಗಳ ಗುಡಿಸಿಕೊಂಡು, ಅವ್ವನ ಪೂಜೆಗೆ ಪತ್ರಿ ಹೂವು ತಂದುಕೊಟ್ಟುಕೊಂಡು ನಮ್ಮ ಜೊತೆಗೇ ಮುದುಕರಾದರು. ಅಪ್ಪ ಹೋದ ಮೇಲೆ ನನ್ನ ತಮ್ಮ ಮನೆ ನಡೆಸುತ್ತಿದ್ದಾನೆ. ಅವನೂ ಅವನ ಹೆಂಡತಿಯೂ ಮಾಮಾನ ಮೇಲೆ ಒಂದು ದಿನವೂ ಬೇಸರಿಸಿಕೊಂಡದ್ದಿಲ್ಲ. ಅದು ದೇವರು ಕೊಟ್ಟದ್ದು ಎಂದೇ ನಾನು ಎಣಿಸುತ್ತೇನೆ. ಮಾಮಾನನ್ನು ಕರೆಯಬೇಕಾದರೆ ಅವ್ವ ಹಿಮ್ಮಡಿಯಿಂದ ನೆಲಕ್ಕೆ ಗುದ್ದುತ್ತಿದ್ದಳು, ಇಲ್ಲವೆ ಎದುರಿಗೆ ಹೋಗಿ ನಿಲ್ಲುತ್ತಿದ್ದಳು.

ಅವತ್ತು ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಆ ದಿನ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲೇ. ಸಜ್ಜೆ ಕಡುಬು, ಭಜ್ಜಿ ಪಲ್ಯ, ಜೋಳದ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಬೆಳೆಗೆ ಪೂಜೆ ಮಾಡಿ, ಎಡೆಯ ಅಡುಗೆಯನ್ನು ಹೊಲದ ಸುತ್ತ ಚರಗವೆಂದು ಚೆಲ್ಲಿ, ಮರದ ಕೆಳಗೆ ಕೂತು ಉಣ್ಣುವುದು. ಹಾದಿಯಲ್ಲಿ ಬಂದವರನ್ನು ಉಣ್ಣಿಸದೆ ಕಳಿಸುವುದಿಲ್ಲ. ಯಾರ ಮನೆಯವರು ಎಂದು ಕೇಳುವುದೂ ಇಲ್ಲ. ಕೇಳಿ ಬಡಿಸಿದರೆ ಬಡಿಸಿದ್ದಕ್ಕೆ ಬೆಲೆಯಿಲ್ಲ ಎಂದು ಹಿರಿಯರು ಕಲಿಸಿದ್ದು. ಮಾಮಾನಿಗೆ ವರ್ಷದಲ್ಲಿ ಅದೊಂದೇ ದೊಡ್ಡ ಹಬ್ಬ. ನಮ್ಮಲ್ಲಿ ಉಂಡವರೇ ಹೆಗಲಿಗೆ ಟವೆಲ್ಲು ಹಾಕಿಕೊಂಡು ಹೊಲದಿಂದ ಹೊಲಕ್ಕೆ ಹೊರಡುತ್ತಿದ್ದರು. ಪಾತ್ರೆ ಕಟ್ಟುವ ಹೊತ್ತಿಗೆ ಬಂದುಬಿಡುತ್ತಿದ್ದರು.

ಆ ವರ್ಷ ಬರಲಿಲ್ಲ. ಸಂಜೆ ನನ್ನ ತಮ್ಮ ಅವ್ವನನ್ನೂ ಉಳಿದ ಹೆಂಗಸರನ್ನೂ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಮೊದಲು ಮನೆಗೆ ಹೊರಟ. ಮಾಮಾ ಕಾರಿನಲ್ಲಿ ಬರುತ್ತಾರೆ ಎಂದು ಅವರು ತಿಳಿದರು. ಟ್ರ್ಯಾಕ್ಟರಿನಲ್ಲಿ ಹೋದರು ಎಂದು ಕಾರಿನಲ್ಲಿದ್ದ ನಾವು ತಿಳಿದೆವು. ಮನೆಯಲ್ಲಿ ಅವ್ವ ಮಾಮಾನ ತಂಬಿಗೆಗೆ ನೀರು ತುಂಬಿಟ್ಟು ಕಾಯುತ್ತಿದ್ದಳು.

"ನನ್ನ ತಮ್ಮ ಎಲ್ಲಿ?"

ನಾನು ನನ್ನ ಯಜಮಾನರ ಮುಖ ನೋಡಿದೆ, ಅವರು ನನ್ನ ತಮ್ಮನ ಮುಖ ನೋಡಿದರು. ಅಮಾವಾಸ್ಯೆಯ ಕತ್ತಲೆಯಲ್ಲಿ ರಸ್ತೆ ಗುಂಟ ಹೋಗಿ ನೋಡಿ ಬಂದದ್ದಷ್ಟೇ ಆಯಿತು.

ಬೆಳಗಾದರೆ ಅರ್ಧ ಊರು ನಮ್ಮ ಕಟ್ಟೆಯ ಮೇಲಿತ್ತು. ಜನ ಬರಲಿಲ್ಲ, ಕೈ ಚಾಚಲಿಲ್ಲ ಎಂದು ನಾನು ಎಂದೂ ಹೇಳುವಂತಿಲ್ಲ. ಕೊಯ್ಲು ಬಿಟ್ಟು ಬಂದಿದ್ದರು. ಎಲ್ಲರೂ ಮಾಮಾನನ್ನು ನೋಡಿದವರೇ.

"ನಮ್ಮ ಹೊಲದಾಗೇ ಉಂಡಾನಲ್ಲ, ಮೂಕಣ್ಣ. ಎರಡ ಕಡುಬ ತಿಂದು ನಕ್ಕೋತ ಹೋದ."

"ಯಾ ಕಡಿ ಹೋದ್ನಪ?"

"ಹಳ್ಳದ ಕಡಿ ಹೋಗಿರಬೇಕು."

"ಏ ಇಲ್ಲೋ, ರೋಡಿನ ಕಡಿ! ನಮ್ಮಲ್ಲಿ ಆಮ್ಯಾಲ ಬಂದಿದ್ದ."

"ನಿಮ್ಮಲ್ಲಿ ಆಮ್ಯಾಲ ಅಂದ್ರ ಯಾವಾಗ? ನೀ ಉಂಡು ಮಕ್ಕೊಂಡಿದ್ದಿ, ನಿನಗೇನು ಹೊತ್ತು ಗೊತ್ತು!"

ನಕ್ಕರು. ತಕ್ಷಣ ಅವ್ವನನ್ನು ನೋಡಿ ತಲೆ ತಗ್ಗಿಸಿದರು. ಅಷ್ಟು ಜನ ಕಂಡಿದ್ದರು, ಅಷ್ಟು ಜನ ಉಣ್ಣಿಸಿದ್ದರು. ಆದರೆ ಯಾರ ಹೊಲ ಮೊದಲು, ಯಾರದು ಕೊನೆಗೆ ಎಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಒಂಟಿಯಾಗಿ ಬಂದ ಮುದುಕರನ್ನು ಕಂಡು, ಪಕ್ಕದ ಹೊಲದಲ್ಲಿ ಇವರ ಮನೆಯವರು ಇರುತ್ತಾರೆ ಎಂದು ಪ್ರತಿಯೊಬ್ಬರೂ ತಿಳಿದಿದ್ದರು. ಬೇರೆ ದಿನವಾಗಿದ್ದರೆ ಯಾರಾದರೂ ಕೈ ಹಿಡಿದು ಮನೆಗೆ ತಂದು ಬಿಡುತ್ತಿದ್ದರೇನೋ.

ಆಮೇಲೆ ಕೂಗುವುದು ಶುರುವಾಯಿತು. ಮಾಮಾನಿಗೆ ಕೇಳುವುದಿಲ್ಲ ಎಂಬುದು ಊರಿಗೇ ಗೊತ್ತು. ಆದರೂ ಒಡ್ಡಿನ ಮೇಲೆ ನಿಂತು, ಬಾಯಿಗೆ ಎರಡೂ ಕೈ ಹಿಡಿದು ಕೂಗಿದರು. ನಾನೂ ಕೂಗಿದೆ. ಕೂಗದೆ ಹುಡುಕುವುದು ಹೇಗೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೂಗಿ, ಒಂದಿಷ್ಟು ಹೊತ್ತು ಕಿವಿಗೊಟ್ಟು, ಈ ಹೊಲದಲ್ಲಿಲ್ಲ ಎಂದು ಮುಂದಕ್ಕೆ ಹೋಗುತ್ತಿದ್ದೆವು. ಯಾರು ಓಗೊಡುತ್ತಾರೆಂದು ಕಿವಿಗೊಟ್ಟೆವೋ ಶಿವನೇ ಬಲ್ಲ.

ಅವ್ವ ಒಂದೇ ಮಾತು ಅಂದಳು. "ಕೂಗಬ್ಯಾಡ್ರಿ ಯಪ್ಪಾ, ಅವನಿಗಿ ಕಾಣಸ್ಕೋರಿ. ಎದುರಿಗಿ ಹೋಗ್ರಿ."

"ಹೌದಾಯಿ, ನೋಡ್ಲಾಕತ್ತೀವಲ್ಲ" ಎಂದರು ಎಲ್ಲರೂ.

ಎದುರಿಗೆ ಹೋಗುವುದೆಂದರೆ ತೊಗರಿಯೊಳಗೆ ಇಳಿಯುವುದು. ಆ ಹೊತ್ತಿನಲ್ಲಿ ತೊಗರಿ ಆಳೆತ್ತರ ನಿಂತಿರುತ್ತದೆ. ಸಾಲು ಸಾಲಿನ ನಡುವೆ ಟೊಂಗೆ ಕೂಡಿಕೊಂಡು, ಒಳಗೆ ಎತ್ತು ನಿಂತರೂ ಹೊರಗೆ ಕಾಣದು. ಒಣಗಿದ ಕಾಯಿಗೆ ಮೈ ತಗುಲಿದರೆ ಕಾಳು ಉದುರುತ್ತದೆ. ಇನ್ನೊಬ್ಬರ ಬೆಳೆ ಉದುರಿಸಬಾರದು ಎನ್ನುವುದು ಒಂದು. ಅದಕ್ಕಿಂತ ದೊಡ್ಡದು, ಹಿಂದಿನ ದಿನವಷ್ಟೇ ಪೂಜೆ ಮಾಡಿ, ಭೂತಾಯಿ ತುಂಬಿದ ಬಸುರಿ ಎಂದು ಉಡಿ ತುಂಬಿ ಬಂದಿದ್ದೆವು. ಆ ಬೆಳೆಯಲ್ಲಿ ತುಳಿದಾಡಲು ಯಾರಿಗೆ ಮನಸ್ಸು ಬಂದೀತು? ಬರಬೇಡಿ ಎಂದು ಯಾವ ಹೊಲದವರೂ ಅನ್ನಲಿಲ್ಲ. ನಾವೇ ಇಳಿಯಲಿಲ್ಲ. ಒಡ್ಡಿನ ಗುಂಟ ನಡೆದೆವು, ಬಾವಿ ಇಣುಕಿದೆವು, ಹಳ್ಳ ನೋಡಿದೆವು, ಬಾಳೆ ತೋಟಗಳಿಗೆ ಹೋಗಿ ಕೇಳಿದೆವು. ಬೆಳೆಯ ಒಳಗೊಂದನ್ನು ಬಿಟ್ಟು ಎಲ್ಲ ಕಡೆ ಹುಡುಕಿದೆವು.

ಠಾಣೆಯಲ್ಲಿ ದೂರು ಬರೆದುಕೊಂಡು ಫೋಟೋ ಕೇಳಿದರು. ಮಾಮಾನ ಫೋಟೋ ಎಂದರೆ ನನ್ನ ತಮ್ಮನ ಮದುವೆಯದ್ದು. ತಲೆಗೆ ಹೊಸ ಪಟಗ ಸುತ್ತಿ, ನುಣ್ಣಗೆ ಕ್ಷೌರ ಮಾಡಿಸಿ, ಯಾವುದೋ ಊರಿನ ಗೌಡರ ಹಾಗೆ ಕೂತಿದ್ದರು. ಅದನ್ನೇ ಎಲ್ಲರ ಮೊಬೈಲಿಗೆ ಹರಿಬಿಟ್ಟೆವು. ಮಧ್ಯಾಹ್ನದೊಳಗೆ ಫೋನುಗಳು ಬರತೊಡಗಿದವು. ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಕಂಡರು ಎಂದು ಒಬ್ಬರು, ಕಲಬುರಗಿಯ ರೈಲು ನಿಲ್ದಾಣದಲ್ಲಿ ಕೂತಿದ್ದಾರೆ ಎಂದು ಇನ್ನೊಬ್ಬರು. ತಾಜಸುಲ್ತಾನಪುರದಿಂದ ಒಬ್ಬರು ಫೋನು ಮಾಡಿ, "ಇಲ್ಲೇ ಹಾದು ಹೋದ್ರು ರೀ ಅಕ್ಕೋರೆ, ಧೈರ್ಯ ತಗೋರಿ, ಸಿಗ್ತಾರ" ಎಂದರು. ನನ್ನ ಅಳುವ ದನಿ ಕೇಳಿ ಇಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ ಎಂದು ಈಗ ತಿಳಿಯುತ್ತದೆ. ಅವರನ್ನು ಬೈಯಲು ನನಗೂ ಬಾಯಿ ಬರುವುದಿಲ್ಲ. ಆದರೆ ಆ ಒಂದೊಂದು ಫೋನಿಗೂ ನಮ್ಮ ಗಂಡಸರು ಗಾಡಿ ಹತ್ತಿ ದೂರ ದೂರ ಹೋದರು. ಕಮಲಾಪುರದ ಹೊಲಗಳಲ್ಲಿ ಹುಡುಕುವವರೇ ಉಳಿಯಲಿಲ್ಲ. ನಾನೂ ಕಲಬುರಗಿಗೆ ಬಂದು ಸ್ಟೇಷನ್ನಿನ ಕಟ್ಟೆಯ ಮೇಲೆ ಮಲಗಿದ್ದವರ ಮುಖ ಒಂದೊಂದಾಗಿ ನೋಡಿದೆ. ಮನೆಯವರು ಹುಡುಕದೆ ಬಿಟ್ಟ ಮುಖಗಳು ಅಷ್ಟೊಂದು ಇರುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲೇ ಕೈ ಮುಗಿದೆ, ಅವರಿಗೂ ಸೇರಿಸಿ.

ಕೆಲವು ದಿನ ಕಳೆದವು. ಅವ್ವ ಪೂಜೆ ಬಿಡಲಿಲ್ಲ, ಆದರೆ ಪ್ರಸಾದಕ್ಕಿಂತ ಹೆಚ್ಚಿಗೆ ಬಾಯಿಗೆ ಹಾಕಲಿಲ್ಲ. "ಅವ ಹಸದಾನೋ ಏನೋ" ಎನ್ನುವುದೊಂದೇ.

ನಮ್ಮ ಹೊಲದಿಂದ ಸ್ವಲ್ಪ ಆಚೆಯ ತೊಗರಿ ಕೊಯ್ಯಲು ಕೂಲಿ ಹೆಣ್ಣುಮಕ್ಕಳು ಇಳಿದ ದಿನ ಮಾಮಾ ಸಿಕ್ಕರು. ಬೆಳೆಯ ನಟ್ಟನಡುವೆ, ಟವೆಲ್ಲು ಮಡಚಿ ತಲೆಯ ಕೆಳಗಿಟ್ಟುಕೊಂಡು, ಮಗ್ಗುಲಾಗಿ ಮಲಗಿದ್ದರು. ಸಂಕಟವಾಗಿ ನೆರಳಿಗೆಂದು ಹೋಗಿರಬೇಕು. ಆ ಹೊಲದ ಒಡ್ಡಿನ ಮೇಲೆ ನಾವು ಎಷ್ಟು ಸಲ ಹಾದಿದ್ದೆವೋ. ಚಳಿಗಾಲವಾದ್ದರಿಂದ ಮುಖದ ಗುರುತು ಹತ್ತಿತು. ನಾಯಿ ನರಿ ಮುಟ್ಟಿರಲಿಲ್ಲ. ಇಷ್ಟನ್ನೂ ನಾನು ದೇವರ ದಯೆಯ ಲೆಕ್ಕಕ್ಕೆ ಸೇರಿಸಿದ್ದೇನೆ. ಬೇರೆ ಏನು ಸೇರಿಸಲಿ?

ಡಾಕ್ಟರು ನನ್ನ ತಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರು. "ಎದಿ ನಿಂತಾದ್ರಿ. ಅವತ್ತೇ ಹೋಗ್ಯಾರ, ಹೊತ್ತ ಮುಳುಗೋದ್ರಾಗ. ಒದ್ದಾಡಿಲ್ಲ."

ನಾವು ಕೂಗುವಾಗಲೇ ಮಾಮಾ ಇರಲಿಲ್ಲ ಎಂದಾಯಿತು. ಅದು ನಿಜವೋ, ನಮ್ಮ ಮುಖ ನೋಡಿ ಹೇಳಿದ ಮಾತೋ, ನಾನು ತಿರುಗಿ ಕೇಳಲಿಲ್ಲ.

ಆ ಹೊಲದ ಯಜಮಾನರು ಮಾಮಾನ ಮಣ್ಣಿಗೆ ಬಂದಿದ್ದರು. ಹುಡುಕುವಾಗಲೂ ಮೊದಲ ದಿನದಿಂದ ನಮ್ಮ ಜೊತೆಗಿದ್ದವರೇ. ಮಾಮಾನ ಹಣೆಗೆ ವಿಭೂತಿ ಹಚ್ಚಿ ಸಮಾಧಿಗೆ ಇಳಿಸುವಾಗ ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು ಗಳಗಳ ಅತ್ತರು.

"ನನ್ನ ಬೆಳಿ ಹಾಳಾದ್ರ ಆಗ್ತಿತ್ತು ಯವ್ವಾ. ನೀವ್ಯಾಕ ಇಳೀಲಿಲ್ಲ? ನಾನರ ಯಾಕ ಇಳೀಲಿಲ್ಲ?"

"ಯಾರಿಗೂ ತಿಳೀಲಿಲ್ಲಪ" ಎಂದಳು ಅವ್ವ. "ನಿನ್ನ ಹೊಲ ಅವನಿಗಿ ನೆರಳ ಕೊಟ್ಟದ, ಅಷ್ಟು ಸಾಕು. ಏಳು."

ಮನೆಯಲ್ಲಿ ಹೆಂಗಸರು ಬಂದು ಕೂತಾಗ ಅವ್ವ ಬೇರೇನೂ ಕೇಳಲಿಲ್ಲ. ನಿಮ್ಮಲ್ಲಿ ಏನು ತಿಂದ, ನಿಮ್ಮಲ್ಲಿ ಏನು ತಿಂದ ಎಂದು ಒಬ್ಬೊಬ್ಬರನ್ನೇ ಕೇಳಿದಳು. ಒಬ್ಬರು ಕಡುಬು ಎಂದರು, ಒಬ್ಬರು ಶೇಂಗಾ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು ಎಂದರು. "ಅಂಬಲಿ ಕೊಟ್ರ ಬ್ಯಾಡಂತ ಕೈ ಮಾಡಿದ್ರು ರೀ" ಎಂದಳು ಒಬ್ಬ ಸೊಸೆ. "ಅಂಬಲಿ ಎಲ್ಲಿ ಕುಡೀತಾನ! ನಾನೇ ಕೊಟ್ರೂ ದನದ ಮುಂದ ಇಟ್ಟು ಬರ್ತಿದ್ದ" ಎಂದು ಅವ್ವ ನಕ್ಕುಬಿಟ್ಟಳು. ನಗುತ್ತಲೇ ಸೆರಗು ಬಾಯಿಗೆ ಹಿಡಿದಳು. ಆ ದಿನ ಅರ್ಧ ರೊಟ್ಟಿ ತಿಂದಳು.

ಮುಂದಿನ ಎಳ್ಳ ಅಮಾವಾಸ್ಯೆಗೂ ನಾವು ಹೊಲಕ್ಕೆ ಹೋದೆವು. ಹೋಗಬಾರದೆಂದು ನನ್ನ ಮನಸ್ಸು, ಅವ್ವ ಕೇಳಲಿಲ್ಲ. ಊಟದ ಹೊತ್ತಿಗೆ ನಮಗೆ ಗುರುತಿಲ್ಲದ ಮುದುಕರೊಬ್ಬರು ಹಾದಿ ಹಿಡಿದು ಬಂದರು. ತಮ್ಮನ ಹೆಂಡತಿ ತಟ್ಟೆ ಇಟ್ಟಳು. ರೊಟ್ಟಿ ಮುರಿಯುವ ಮೊದಲೇ ಅವ್ವ ಕೇಳಿದಳು.

"ಯಾರ ಮನಿಯವ್ರಿ? ಜೋಡಿ ಯಾರ ಬಂದಾರ?"

ನಮಗೆಲ್ಲ ಮುಜುಗರ. ಮುದುಕರು ರೊಟ್ಟಿಗೆ ಚಾಚಿದ ಕೈ ತಡೆದು ಅವ್ವನನ್ನು ನೋಡಿದರು.

"ಏನಬೇ ಆಯಿ, ಎಳ್ಳಮಾಸಿ ಊಟಕ್ಕೂ ಆಧಾರ್ ಕಾರ್ಡ್ ಕೇಳ್ಲಾಕತ್ತೀಯಲ್ಲ!"

"ಕೇಳ್ತೀನಿ. ಉಂಡು ಎಲ್ಲಿಗಿ ಹೋಗ್ತೀರಿ, ಅದೂ ಹೇಳ್ರಿ."

ಅವರು ನಕ್ಕು, ದೂರದ ಬೇವಿನ ಮರದ ಕಡೆ ಕೈ ಮಾಡಿ, ಮಗ ಸೊಸೆ ಅಲ್ಲಿದ್ದಾರೆ ಎಂದರು. ಹೊಟ್ಟೆ ತುಂಬ ಉಂಡರು. ಅವರು ಎದ್ದು ಹೊರಟಾಗ ಅವ್ವ ಮೊಣಕಾಲು ಹಿಡಿದುಕೊಂಡು ಎದ್ದು ನಿಂತಳು. ನಾನು ತಟ್ಟೆ ಎತ್ತಿ, ಪಾತ್ರೆ ಸೇರಿಸಿ ಕಟ್ಟಿದರೂ ಕೂರಲಿಲ್ಲ.

"ಕೂಡಬೇ ಅವ್ವಾ, ಹೋದ್ರವ್ರು."

"ತಡಿ" ಎಂದಳು. "ಮರ ಮುಟ್ಟಲಿ."